ಮುಲಾಮಕ್ಕನ ಹತ್ತು ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಸ್ಟೆಲ್ಲಿನ ಉದ್ದನೆಯ ಹಜಾರದಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ, ಅದೂ ಕಣ್ಣು ಪಿಳುಕಿಸುತ್ತಾ. ಅದರ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮುಲಾಮಕ್ಕ. ಕೂತಿದ್ದಾರೆ ಎಂದರೆ ಸುಳ್ಳಾದೀತು. ಕೂರುತ್ತಾರೆ, ಏಳುತ್ತಾರೆ, ಹಂಡೆಯ ನೀರು ಕಾದಿದೆಯೇ ಎಂದು ಬಚ್ಚಲಿಗೆ ಹೋಗಿ ಬಗ್ಗಿ ನೋಡುತ್ತಾರೆ, ಮತ್ತೆ ಬಂದು ಸ್ಟೂಲಿನ ತುದಿಗೆ ಕೂರುತ್ತಾರೆ. ಎದುರಿಗೆ ಹೆಂಗಸರ ಸಾಲು. ಒಬ್ಬಳಿಗೆ ಆಕಳಿಕೆ, ಇನ್ನೊಬ್ಬಳ ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶು, ಮತ್ತೊಬ್ಬಳಿಗೆ ನಿಂತಲ್ಲೇ ನಿದ್ದೆ.

“ಕೈ ತೋರ್ಸು.”

ಕೈ ಮುಂದೆ ಬರುತ್ತದೆ. ಮುಲಾಮಕ್ಕ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದು ನೋಡುತ್ತಾರೆ, ಮಣಿಕಟ್ಟು ತಿರುಗಿಸುತ್ತಾರೆ, ಬಳೆ ಮೇಲೆ ಸರಿಸಿ ಅದರಡಿಯನ್ನೂ ಬಿಡುವುದಿಲ್ಲ. “ಹೊಸ ಗುಳ್ಳೆ ಎದ್ದಿದ್ಯಾ? ರಾತ್ರಿ ತುರಿಸ್ತಾ? ಇಲ್ಲಾ? ಹಾಗಿದ್ರೆ ನಡಿ. ಏ, ನೀನು, ಬ್ರಶ್ಶು ಬಾಯಿಂದ ತೆಗ್ದು ಮಾತಾಡೇ ತಾಯಿ, ನಂಗೇನು ಅರ್ಥವಾಗುತ್ತೆ?”

ಈ ಹೆಂಗಸರೆಲ್ಲ ರಸ್ತೆಯಾಚೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವರು. ತಿನ್ನುವ ವಸ್ತು ಮುಟ್ಟುವ ಕೈ, ಹಾಗಾಗಿ ಗೇಟಿನಲ್ಲಿ ಸೂಪರ್‌ವೈಸರ್ ದಿನವೂ ಅಂಗೈ ನೋಡಿಯೇ ಒಳಗೆ ಬಿಡುತ್ತಾನೆ. ಗುಳ್ಳೆ ಕಂಡರೆ ಬಂದ ದಾರಿಗೆ ಸುಂಕವಿಲ್ಲ. ಅವನು ನೋಡುವುದಕ್ಕೆ ಮೊದಲು ಮುಲಾಮಕ್ಕ ನೋಡುತ್ತಾರೆ. ಇಷ್ಟು ವರ್ಷ ಇದು ಹಲ್ಲುಜ್ಜಿದಷ್ಟೇ ಸಲೀಸಾದ ಕೆಲಸವಾಗಿತ್ತು. ಇವತ್ತು ಹಾಗಲ್ಲ. ಇವತ್ತು ಒಂದೇ ಒಂದು ಹೊಸ ಗುಳ್ಳೆ ಕಂಡರೂ, ಕಿಟಕಿಯ ಪಕ್ಕದ ಮೂಲೆ ಮಂಚದ ಹುಡುಗಿ ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕು. ವಾರ್ಡನ್ ಹಾಗೆಂದು ಹೇಳಿಯಾಗಿದೆ. ಹುಡುಗಿ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತಿದ್ದಾಳೆ. ಅವಳ ಟ್ರಂಕಿಗೆ ರಾತ್ರಿಯೇ ಬೀಗ ಬಿದ್ದಿದೆ.

ಮುಲಾಮಕ್ಕ ಎನ್ನುವುದು ಇಟ್ಟ ಹೆಸರಲ್ಲ, ಅಂಟಿದ ಹೆಸರು. ಕಸ ಗುಡಿಸಿ ನೀರು ಹಿಡಿಯಲು ಈ ಹಾಸ್ಟೆಲ್ಲಿಗೆ ಬಂದವರು ಇವರು. ಅದಕ್ಕೆ ಮೊದಲು ದೊಡ್ಡಾಸ್ಪತ್ರೆಯ ಚರ್ಮದ ವಾರ್ಡಿನಲ್ಲಿ ಆಯಾ. ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಎಲ್ಲರೂ ಮುಟ್ಟಲು ಹಿಂಜರಿಯುವ ಮೈಗೆ ಮುಲಾಮು ಸವರುವುದು ಅಲ್ಲಿ ಕಲಿತದ್ದು. ವಾರ್ಡು ಬೇರೆ ಕಡೆಗೆ ಹೋಯಿತು, ಕೆಲಸವೂ ಹೋಯಿತು, ಕಲಿತದ್ದು ಮಾತ್ರ ಕೈಯಲ್ಲೇ ಉಳಿಯಿತು.

ಅದಕ್ಕೂ ಹಿಂದಿನ ಪಾಠ ಅವರ ಮುಖದ ಮೇಲೇ ಇದೆ. ಎರಡೂ ಕೆನ್ನೆಯಲ್ಲಿ ಕೆಂಪು ನರಗಳು ಎಳೆ ಎಳೆಯಾಗಿ ಕಾಣುತ್ತವೆ. “ಮದುವೆಗೆ ಮುಂಚೆ ನಂಗೆ ಬಂಗು ಇತ್ತು, ಕೆನ್ನೆ ಮೇಲೆ ಕಂದು ಕಲೆ. ನಮ್ಮ ಸೋದರತ್ತೆ ಯಾರನ್ನೋ ಕೇಳಿ ಒಂದು ಟ್ಯೂಬ್ ತಂದ್ರು. ಹಚ್ಚಿದ ವಾರಕ್ಕೇ ಹಾಲಿನ ಥರ ಬೆಳ್ಳಗಾದೆ. ಎಲ್ರೂ ಏನು ಹೊಗಳಿದ್ದು! ತಿಂಗಳುಗಟ್ಟಲೆ ಹಚ್ಚಿದ್ವಿ. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆ ಆಯ್ತು. ಬಿಸಿಲಿಗೆ ಹೋದ್ರೆ ಉರಿ, ಒಲೆ ಮುಂದೆ ಕೂತ್ರೆ ಉರಿ. ಬಂಗು ಮಾತ್ರ ಹಾಗೇ ಇತ್ತು ನೋಡಿ, ಬಾಡಿಗೆ ಕೊಡದ ನೆಂಟನ ಹಾಗೆ!” ಎಂದು ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರ ಮುಂದೆ ನಗುತ್ತಾರೆ.

ಹಾಗಾಗಿ ಅಂಗಡಿಯಿಂದ ಕೇಳಿ ತಂದ ಟ್ಯೂಬ್ ಯಾರ ದಿಂಬಿನ ಕೆಳಗೆ ಕಂಡರೂ ಇವರಿಗೆ ಮೈಮೇಲೆ ಬಂದಂತೆ. ಹುಳುಕಡ್ಡಿಗೆ ಅಂಥದ್ದನ್ನು ಹಚ್ಚಿಕೊಂಡವಳೊಬ್ಬಳಿಗೆ ತೊಡೆಯ ಮೇಲಿನ ಬಿಲ್ಲೆಯಗಲದ ಕಲೆ ತಟ್ಟೆಯಗಲ ಆಗಿತ್ತು. ಇವರೇ ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ದರು. ಕಲೆ ಮಾಸಿತೆಂದು ಅವಳು ಮದ್ದು ನಿಲ್ಲಿಸಿಬಿಟ್ಟಾಳೆಂಬ ಭಯಕ್ಕೆ, ಡಾಕ್ಟರು ಹೇಳಿದಷ್ಟು ದಿನವೂ ಬೆನ್ನು ಬಿಡದೆ ಹಚ್ಚಿಸಿದರು. ಮೊಡವೆ ಚಿವುಟುವವರ ಕೈಗೆ ಪಟ್ಟನೆ ಒಂದು ಏಟು. “ಇವತ್ತು ಚಿವುಟ್ತೀಯಾ, ನಾಳೆ ಗುಂಡಿ ಬೀಳುತ್ತೆ. ಆ ಗುಂಡಿ ಮುಚ್ಚೋ ಮುಲಾಮು ನನ್ ಹತ್ರ ಇಲ್ಲ ಕಣೇ.” ಬೆನ್ನಿನ ಮೇಲೆ ಬಿಳಿ ಚಿಬ್ಬು ಎದ್ದ ಹೆಣ್ಣೊಂದು ತೊನ್ನೇ ಬಂತೆಂದು ಅಳುತ್ತಾ ಕೂತಾಗ, ಅದು ಬೆವರಿನ ಕಾಲದ ಚಿಬ್ಬು, ಡಾಕ್ಟರು ಕೊಟ್ಟ ಮದ್ದಿಗೆ ಹೋಗುತ್ತದೆ, ಬಣ್ಣ ಮರಳುವುದಕ್ಕೆ ಮಾತ್ರ ಪುರುಸೊತ್ತು ಬೇಕು ಎಂದು ಮಡಿಲಲ್ಲಿ ತಲೆ ಇರಿಸಿಕೊಂಡು ಸಮಾಧಾನ ಹೇಳಿದ್ದೂ ಇವರೇ.

ಇದೆಲ್ಲ ಒಬ್ಬೊಬ್ಬರ ಪಾಡು. ಕಜ್ಜಿ ಹಾಗಲ್ಲ, ಅದು ಊರೊಟ್ಟಿನ ಪಾಡು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಬೆರಳ ಸಂದಿನಲ್ಲಿ, ಕಂಕುಳಲ್ಲಿ, ಸೊಂಟದ ದಾರದಡಿಯಲ್ಲಿ ಚರ್ಮ ಕೊರೆದು ಮನೆ ಮಾಡುತ್ತದೆ. ರಾತ್ರಿಯಾದರೆ ಸಾಕು, ತುರಿಕೆ. ಒಬ್ಬಳ ಮೈಯಿಂದ ಇನ್ನೊಬ್ಬಳ ಮೈಗೆ ದಾಟಲು ಅದಕ್ಕೆ ಅಪ್ಪಣೆ ಬೇಕಿಲ್ಲ. ಕೊಳಕಿದ್ದವರಿಗೆ ಮಾತ್ರ ಬರುತ್ತದೆ ಎನ್ನುವುದು ಶುದ್ಧ ಸುಳ್ಳು. ಮದ್ದೇನೋ ಸುಲಭ. ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಮುಲಾಮು, ಬೆಳಗ್ಗೆ ಸ್ನಾನ, ಹಾಸಿಗೆ ಬಟ್ಟೆಗೆ ಬಿಸಿನೀರು ಮತ್ತು ಬಿಸಿಲು, ವಾರ ಬಿಟ್ಟು ಇನ್ನೊಮ್ಮೆ. ಆದರೆ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ತುರಿಕೆ ಇಲ್ಲದವರೂ ಹಚ್ಚಿಕೊಳ್ಳಬೇಕು. ಒಬ್ಬರು ತಪ್ಪಿದರೆ ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ.

ಕಳೆದ ವರ್ಷದ ಕೊನೆಗೆ ಹಾಸ್ಟೆಲ್ಲಿಗೆ ಕಜ್ಜಿ ಬಂತು. ಮುಲಾಮಕ್ಕ ಸೊಂಟ ಕಟ್ಟಿ ನಿಂತು ಇಡೀ ಹಾಸ್ಟೆಲ್ಲಿಗೆ ಹಚ್ಚಿದರು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂತು. ಮತ್ತೆ ಹಚ್ಚಿದರು. ಮತ್ತೆ ಬಂತು. ಹೀಗೆ ಮೂರನೇ ಸಲ ಬಂದಾಗ ಹೆಂಗಸರ ತಾಳ್ಮೆ ಹರಿಯಿತು. ಗೇಟಿನಿಂದ ವಾಪಸು ಕಳಿಸಿಕೊಂಡವರು ಮಂಚದ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಯಾರೋ ಒಬ್ಬರು ಕಳ್ಳಾಟ ಆಡುತ್ತಿದ್ದಾರೆ. ಯಾರು? ಕಜ್ಜಿ ಬರುವ ಸ್ವಲ್ಪ ಮೊದಲಷ್ಟೇ ಸೇರಿದವಳು, ಯಾರೊಂದಿಗೂ ಹೆಚ್ಚು ಬೆರೆಯದವಳು, ಮೈಗೆ ಮುಲಾಮು ತಾನೇ ಹಚ್ಚಿಕೊಳ್ಳುತ್ತೇನೆ ಎಂದು ಬಚ್ಚಲ ಬಾಗಿಲು ಹಾಕಿಕೊಳ್ಳುವವಳು ಒಬ್ಬಳೇ: ಮೂಲೆ ಮಂಚದ ಹುಡುಗಿ.

“ಹಚ್ಕೊಳ್ತಾಳೋ, ಮೋರಿಗೆ ಹಾಕ್ತಾಳೋ ಯಾರು ಕಂಡೋರು?” ಎಂದರು ಒಬ್ಬರು. ಊಟಕ್ಕೆ ಅವಳ ಪಕ್ಕ ಕೂರುವುದನ್ನು ಬಿಟ್ಟರು. ಅವಳ ಬಟ್ಟೆ ಒಣಹಾಕುವ ಹಗ್ಗ ಬೇರೆಯಾಯಿತು.

ಮುಲಾಮಕ್ಕನೂ ನಂಬಿದರು. ಅದನ್ನು ಅವರು ಮುಚ್ಚಿಡುವುದಿಲ್ಲ. “ನಂಬಿದೆ ಅಂದ್ರೆ, ಪೂರ್ತಿ ನಂಬಿದೆ. ನನ್ ಕೈಲಿ ಹಚ್ಚಿಸ್ಕೊಳ್ಳದೋಳು ಅವಳೊಬ್ಳೇ. ಇನ್ಯಾರ ಮೇಲೆ ಬರುತ್ತೆ ಅನುಮಾನ? ಒಂದಿನ ರಟ್ಟೆ ಹಿಡಿದು ಎಳ್ಕೊಂಡೇ ಹೋದೆ ಡಾಕ್ಟ್ರ ಹತ್ರ. ದಾರಿಯುದ್ದಕ್ಕೂ ಬೈದೆ.”

ಚರ್ಮದ ಡಾಕ್ಟರ ಕೋಣೆ ಚಿಕ್ಕದು. ಒಂದು ಮೇಜು, ಬಾಗುವ ದೀಪ, ಒಂದು ಭೂತಗನ್ನಡಿ. ಮುಲಾಮಕ್ಕ ಹುಡುಗಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ದೀಪದ ಕೆಳಕ್ಕೆ ಚಾಚಿಸಿದರು. “ಇವಳೇ ನೋಡಿ ಡಾಕ್ಟ್ರೇ. ಹಚ್ಕೊಂಡೆ ಹಚ್ಕೊಂಡೆ ಅಂತ ಸುಳ್ಳು ಹೇಳಿ ಅಷ್ಟೂ ಜನದ ಅನ್ನಕ್ಕೆ ಕಲ್ಲು ಹಾಕ್ತಿದ್ದಾಳೆ.”

ಡಾಕ್ಟರು ನೋಡಿದರು. ಬೆರಳ ಸಂದು ನೋಡಿದರು, ಮೊಣಕೈ ನೋಡಿದರು. ಆಮೇಲೆ ಭೂತಗನ್ನಡಿ ಮೆಲ್ಲಗೆ ಪಕ್ಕಕ್ಕೆ ಜರುಗಿತು.

“ಹುಡುಗಿ ಕೈ ಚೆನ್ನಾಗಿದೆ. ಅವಳನ್ನ ಹಿಡ್ಕೊಂಡಿದ್ದೀರಲ್ಲ, ಆ ಕೈ ತನ್ನಿ ಇಲ್ಲಿ.”

“ನಂದಾ?”

“ನಿಮ್ದೇ. ಇಲ್ಲಿ ಎಷ್ಟು ದಿನದಿಂದ ತುರಿಕೆ?”

“ಅಯ್ಯೋ, ಇದು ಸೋಪಿನ ಕಡಿತ ಡಾಕ್ಟ್ರೇ. ದಿನವೆಲ್ಲ ಒಗೆಯೋದು, ತೊಳೆಯೋದು. ಮೊದಲಿಂದ್ಲೂ ಇದ್ದಿದ್ದೇ.”

“ಮುಲಾಮು ಹಚ್ಕೊಂಡ್ರಾ ನೀವು?”

“ಏನು ಹೀಗ್ ಕೇಳ್ತೀರಾ! ಅಷ್ಟೂ ಜನಕ್ಕೆ ಹಚ್ಚೋಳು ನಾನು. ಕೈ ಅದ್ರಲ್ಲೇ ಮುಳುಗಿರುತ್ತೆ.”

“ಆಮೇಲೆ?”

“ಆಮೇಲೆ... ಊಟದ ಪಾತ್ರೆ ಮುಟ್ಬೇಕಲ್ಲ. ಸೋಪು ಹಾಕಿ ತೊಳೀತೀನಿ.”

ಡಾಕ್ಟರು ಭೂತಗನ್ನಡಿಯನ್ನು ಅವರ ಬೆರಳ ಸಂದಿಗೆ ಹಿಡಿದು ಗುಳ್ಳೆ ತೋರಿಸಿದರು. ಎಲ್ಲರ ಮೈಯಲ್ಲಿ ಮದ್ದು ಬೆಳಗಿನವರೆಗೆ ಉಳಿಯುತ್ತಿತ್ತು, ಹಚ್ಚಿದ ಬೆರಳುಗಳಲ್ಲಿ ಮಾತ್ರ ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ಹುಳಕ್ಕೆ ಬೇಕಾದದ್ದು ಅಷ್ಟೇ. ದಣಿದು ಬಂದವರ ಕಾಲು ಒತ್ತುವುದು ಅದೇ ಬೆರಳು. ತಲೆ ಬಾಚುವುದು, ಜ್ವರ ಬಂದವಳ ಪಕ್ಕ ಮಲಗಿ ಬೆನ್ನು ನೀವುವುದು ಅದೇ ಬೆರಳು. ಯಾರಿಂದಲೂ ಮುಟ್ಟಿಸಿಕೊಳ್ಳದ ಹುಡುಗಿಗೆ ಮಾತ್ರ ಕಜ್ಜಿ ಮರಳಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಮುಲಾಮಕ್ಕನಿಗೆ ಬೇಕಾಯಿತು.

“ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದೆ ನಾನು. ಹುಡುಗಿ ಕೈ ಆಗ್ಲೂ ನನ್ ಹಿಡಿತದಲ್ಲೇ ಇತ್ತು. ಬಿಡೋದೂ ಮರೆತುಬಿಟ್ಟಿದ್ದೆ.”

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅದೇ ಸಂಜೆ ಮುಲಾಮಕ್ಕ ಹಜಾರದ ನಡುವೆ ನಿಂತು ಎರಡೂ ಕೈ ಎತ್ತಿ ತೋರಿಸಿ ಹೇಳಿಯೇಬಿಟ್ಟರು: ಹರಡಿದ್ದು ನಾನು, ಹುಡುಗಿಯದೇನೂ ತಪ್ಪಿಲ್ಲ. ಹೆಂಗಸರು ಕೇಳಿದರು. ಕೆಲವರ ಕಣ್ಣಲ್ಲಿ ನೀರೇ ಬಂತು. ಆಮೇಲೆ ಒಬ್ಬರೂ ನಂಬಲಿಲ್ಲ!

“ನಮ್ಮಕ್ಕನ ಬುದ್ಧಿ ಗೊತ್ತಿಲ್ವಾ? ಪಾಪದ ಹುಡುಗಿ ಅಂತ ತನ್ನ ಮೇಲೆ ಹಾಕ್ಕೊಂಡ್ಲು,” ಎಂದರು. ವಾರ್ಡನ್ ಭುಜ ತಟ್ಟಿ, “ನಿಮ್ಮಂಥೋರು ಸಿಗಲ್ಲ,” ಎಂದರು. ಮುಲಾಮಕ್ಕ ಆಣೆ ಮಾಡಿದರು, ಕೂಗಾಡಿದರು, ಡಾಕ್ಟರನ್ನೇ ಕೇಳಿ ಎಂದರು. ಕೂಗಿದಷ್ಟೂ ಅವರ ಮನಸ್ಸು ಇನ್ನೂ ದೊಡ್ಡದಾಗಿ ಕಂಡಿತು. ವರ್ಷಗಟ್ಟಲೆ ಕೂಡಿಟ್ಟ ಒಳ್ಳೆಯ ಹೆಸರು ಹುಡುಗಿಯ ಕುತ್ತಿಗೆಗೇ ಬಂತು. ಕೊನೆಗೆ ವಾರ್ಡನ್ ಒಪ್ಪಿದ್ದು ಇಷ್ಟಕ್ಕೆ: ಇನ್ನೊಂದು ಸಲ ಎಲ್ಲರೂ ಹಚ್ಚಿಕೊಳ್ಳಲಿ. ತಿಂಗಳು ಕಳೆದು ಎಲ್ಲರ ಕೈ ನೋಡಿದಾಗ ಕಜ್ಜಿ ಮರಳಿದ್ದರೆ ಮೂಲೆ ಮಂಚ ಖಾಲಿ.

ಆ ರಾತ್ರಿ ಎಲ್ಲರಿಗೂ ಹಚ್ಚಿ ಮುಗಿದ ಮೇಲೆ ಮುಲಾಮಕ್ಕ ಬಚ್ಚಲ ಮೂಲೆಯಲ್ಲಿ ನಿಂತು ಹಳೆಯ ಸೌಟಿಗೆ ಬಟ್ಟೆ ಸುತ್ತಿ ತಮ್ಮ ಬೆನ್ನಿಗೆ ಮುಲಾಮು ಸವರಲು ಒದ್ದಾಡುತ್ತಿದ್ದರು. ಅಷ್ಟು ಜನರ ಬೆನ್ನು ನೋಡಿದವರ ಬೆನ್ನು ನೋಡುವವರು ಯಾರೂ ಇರಲಿಲ್ಲ. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ, ಮಕ್ಕಳಿಲ್ಲ. ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

“ಕೊಡಿ ಇಲ್ಲಿ,” ಎಂದಳು. ಕ್ಲಿನಿಕ್ಕಿನಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. “ಕ್ಷಮಿಸ್ಬಿಟ್ಟೆ ಅಂದ್ಕೋಬೇಡಿ. ಒಂದಿಷ್ಟು ಜಾಗ ಬಿಟ್ಟುಹೋದ್ರೆ ಮತ್ತೆ ನನ್ ತಲೆಗೇ ಬರುತ್ತೆ, ಅದಕ್ಕೆ.”

ಕತ್ತಿನಿಂದ ಸೊಂಟದವರೆಗೆ, ಒಂದಂಗುಲ ಬಿಡದೆ ಹಚ್ಚಿದಳು. ಆಮೇಲೆ ಬೆರಳ ಸಂದುಗಳಿಗೆ. “ಬೆಳಗಾಗೋವರ್ಗೂ ನೀರು ಮುಟ್ಟಿದ್ರೆ ನೋಡಿ. ಪಾತ್ರೆ ನಾನು ತೊಳೀತೀನಿ,” ಎಂದು ಗದರಿದಳು. ಮುಲಾಮಕ್ಕ ಗೋಡೆಯ ಕಡೆ ಮುಖ ಮಾಡಿ ಅತ್ತರು. ಉರಿಗೆ ಅಳುತ್ತಿದ್ದಾರೆ ಎಂದು ಹುಡುಗಿ ಊದಿದಳಂತೆ.

ವಾರ ಬಿಟ್ಟು ಎರಡನೇ ಸಲವೂ ಆಯಿತು. ಅಂದಿನಿಂದ ಇಂದಿನವರೆಗೆ ಮುಲಾಮಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹುಳ ಸತ್ತರೂ ತುರಿಕೆ ಕೆಲವು ವಾರ ಉಳಿಯುತ್ತದೆ, ಹೊಸ ಗುಳ್ಳೆ ಏಳದಿದ್ದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಯಾರಾದರೂ ಸುಮ್ಮನೆ ಕತ್ತು ಕೆರೆದುಕೊಂಡರೂ ಇವರು ಓಡಿಹೋಗಿ ಆ ಕತ್ತು ಬಗ್ಗಿಸಿ ನೋಡುತ್ತಾರೆ.

ವಾರ್ಡನ್ ಹೇಳಿದ ತಿಂಗಳು ಇವತ್ತಿಗೆ ಮುಗಿಯಿತು. ಈಗ ಸಾಲು ಕರಗುತ್ತಿದೆ. ಒಬ್ಬಳ ಮೊಣಕೈಯಲ್ಲಿ ಕೆಂಪು ಚುಕ್ಕೆ. ಮುಲಾಮಕ್ಕ ಉಸಿರು ಹಿಡಿದು ಬಗ್ಗುತ್ತಾರೆ. ಸೊಳ್ಳೆ ಕಚ್ಚಿದ್ದು. “ಸೊಳ್ಳೆಪರದೆ ಕಟ್ಕೊಳ್ಳೋಕೇನೇ ನಿಂಗೆ ರೋಗ?” ಎಂದು ಸಿಡುಕಿ, ಅವಳ ಕೆನ್ನೆ ಸವರುತ್ತಾರೆ. ಕೊನೆಯಲ್ಲಿ ಹುಡುಗಿ ಬಂದು ಕೈ ಚಾಚುತ್ತಾಳೆ. ಏನಿಲ್ಲ. ಆದರೂ ಅವಳು ಅಲ್ಲಿಂದ ಕದಲುವುದಿಲ್ಲ.

“ಈಗ ನಿಮ್ದು. ತೋರ್ಸಿ.”

ಮುಲಾಮಕ್ಕ ಎರಡೂ ಕೈ ಮುಂದೆ ಇಡುತ್ತಾರೆ. ಹುಡುಗಿ ಪಿಳುಕಿಸುವ ದೀಪದ ಕೆಳಗೆ ಹತ್ತೂ ಬೆರಳು ಬಿಡಿಸಿ ನೋಡುತ್ತಾಳೆ. ಒಂದು ಬೆರಳಿನ ಬಳಿ ತಡೆಯುತ್ತಾಳೆ. “ಇದೇನು?” “ಸೂಜಿ ಚುಚ್ಚಿದ್ದು ಕಣೇ. ದಿಂಬಿನ ಗೌಸು ಹೊಲೀತಿದ್ದೆ.” ಹುಡುಗಿ ಆ ಬೆರಳನ್ನು ಕಿಟಕಿಗೆ ಎಳೆದೊಯ್ದು ಬೆಳಕಿಗೆ ಹಿಡಿದು ನೋಡುತ್ತಾಳೆ. ಸೂಜಿಯದೇ. “ಏನಿಲ್ಲ,” ಎನ್ನುತ್ತಾಳೆ. ಟ್ರಂಕಿನ ಬೀಗದ ಕೈ ಅವಳ ಇನ್ನೊಂದು ಮುಷ್ಟಿಯಲ್ಲಿದೆ, ಅದನ್ನು ಎತ್ತಿ ಕಿಟಕಿಯ ಮೇಲಿಡುತ್ತಾಳೆ.

ಬಾಗಿಲಲ್ಲಿ ನಿಂತ ವಾರ್ಡನ್ ನಗುತ್ತಾರೆ. “ಆಯ್ತು, ಮಂಚ ಅವಳದೇ. ಅಂತೂ ಅಕ್ಕ ಹೇಗೋ ಅವಳಿಗೆ ಬುದ್ಧಿ ಕಲಿಸಿ ಹಚ್ಚಿಸಿದ್ರು. ದೊಡ್ಡ ಮನಸ್ಸು.”

ಮುಲಾಮಕ್ಕ ಸ್ಟೂಲಿನಿಂದ ಧಡಕ್ಕನೆ ಏಳುತ್ತಾರೆ. “ಮೇಡಮ್ಮೋರೇ, ಆ ಹುಳಕ್ಕೆ ದೊಡ್ಡ ಮನಸ್ಸು, ಸಣ್ಣ ಮನಸ್ಸು ಅಂತ ಗೊತ್ತಾಗುತ್ತಾ?”

ಹೆಂಗಸರು ಹೋ ಎಂದು ನಕ್ಕು ಸ್ನಾನಕ್ಕೆ ಓಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಪತ್ರಿಕೆಯವರು ಕೇಳಿದರೆ ಮುಲಾಮಕ್ಕ ಹುಡುಗಿಯ ಕಡೆ ನೋಡುತ್ತಾರೆ. ಅವಳು ಒಣಹಾಕುವ ಹಗ್ಗದಿಂದ ತನ್ನ ಬಟ್ಟೆ ತೆಗೆದು ಮಡಿಸುತ್ತಿದ್ದಾಳೆ. ಆ ಹಗ್ಗ ಇನ್ನೂ ಬೇರೆಯೇ ಇದೆ.

“ಸೇವೆ, ತ್ಯಾಗ ಅಂತೆಲ್ಲ ನನ್ ಬಗ್ಗೆ ಬರೀಬೇಡಿ. ಫೋಟೋ ಹಾಕೋದಾದ್ರೆ ಮುಖ ಬೇಡ, ಈ ಕೈ ಹಾಕಿ. ಕೆಳಗೆ ದಪ್ಪಕ್ಷರದಲ್ಲಿ ಬರೀರಿ, ಮೂಲೆ ಮಂಚದ ಹುಡುಗಿ ತಂದಿದ್ದಲ್ಲ, ಮುಲಾಮು ಹಚ್ಚೋಳೇ ಹರಡಿದ್ದು ಅಂತ. ನಾನು ಬಾಯಲ್ಲಿ ಹೇಳಿದ್ರೆ ಇವ್ರು ನಂಬಲ್ಲ. ಅಚ್ಚಾದ್ರೆ ನಂಬ್ತಾರೆ.”