ಮೇಲಿನ ಮನೆಯ ಡೋಲು

ಅದು ಕೊರೋನಾ ಕಾಲ. ಹೊರದೇಶದ ಪುಚೊಂಗ್ ಪಟ್ಟಣದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಲಿಫ್ಟಿಗೂ ಸ್ಯಾನಿಟೈಸರ್ ವಾಸನೆ. ಆಟವೆಂದರೆ ಕಾರಿಡಾರಿನಲ್ಲಿ ಒಬ್ಬಳೇ ಕುಂಟಾಬಿಲ್ಲೆ. ಭಾನುವಾರ ಮಾತ್ರ ಹಬ್ಬ. ಅಮ್ಮನ ನೀರುದೋಸೆ, ಕೋಳಿ ಸಾರು. ಚರ್ಚು ಮುಚ್ಚಿದ್ದರಿಂದ ಎಲ್ಲರೂ ಲ್ಯಾಪ್‌ಟಾಪಿನ ವಿಡಿಯೋ ಕಾಲ್‌ನಲ್ಲೇ ಸೇರಿ ಪ್ರಾರ್ಥಿಸುತ್ತಿದ್ದೆವು. ಹಾಡು ನಮ್ಮ ಮನೆಯದು, ಡೋಲು ಮೇಲಿನ ಮನೆಯ ಡೆಸ್ಮಂಡ್ ಅಂಕಲ್ ಅವರದು.

ಅಂಕಲ್ ಕೆರಿಬಿಯನ್ ದ್ವೀಪದವರು. ಹಡಗಿನ ಕೆಲಸಕ್ಕೆ ಬಂದು ಇಲ್ಲಿಯವರನ್ನೇ ಮದುವೆಯಾಗಿದ್ದರು; ಆಂಟಿ ತೀರಿಕೊಂಡ ಮೇಲೆ ಒಬ್ಬರೇ. ಡೋಲನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಚಿಕ್ಕಂದಿನಲ್ಲಿ ಬಿಸ್ಕತ್ತಿನ ಡಬ್ಬ ಬಡಿಯುತ್ತ, ಮೀನುಗಾರರ ಹಾಡಿಗೂ ಅಜ್ಜಿಯ ಚರ್ಚಿನ ಹಾಡಿಗೂ ತಾವೇ ತಾಳ ಹುಡುಕಿಕೊಂಡವರು.

ಒಂದು ಭಾನುವಾರ ಗಮನಿಸಿದೆ. ಡೋಲು ನಮಗೆ ಸೀಲಿಂಗಿನಿಂದ ಕೇಳುತ್ತಿತ್ತೇ ಹೊರತು ಲ್ಯಾಪ್‌ಟಾಪಿನಿಂದ ಅಲ್ಲ. ಅದನ್ನು ಗದ್ದಲವೆಂದುಕೊಂಡು ಆ್ಯಪ್ ನುಂಗಿಬಿಡುತ್ತಿತ್ತು.

"ಪಪ್ಪ, ಅಂಕಲ್ ಡ್ರಮ್ ಯಾರಿಗೂ ಕೇಳ್ತಾ ಇಲ್ಲ. ಸೆಟ್ಟಿಂಗ್ ಚೇಂಜ್ ಮಾಡ್ಲಿಕ್ಕೆ ಹೇಳುವಾ?"

"ಬೇಡ ಮಾರಾಯ್ತಿ. ಕೇಳಿದ್ರೂ ಲೇಟಾಗಿ ಕೇಳ್ತದೆ, ಹಾಡೆಲ್ಲ ಹಾಳಾಗ್ತದೆ. ಈಗ ನೀಟಾಗಿ ಉಂಟಲ್ಲ?" ಅಂದರು ಪಪ್ಪ.

"ಹೇಳಿದ್ರೆ ಪಾಪ, ಅವ್ರಿಗೆ ಬೇಜಾರಾಗ್ತದೆ," ಅಂದಳು ಅಮ್ಮ.

ಹಾಗಾಗಿ ನಾವು ಮೂವರೂ ಕ್ಯಾಮೆರಾದ ಮುಂದೆ ಚೆನ್ನಾಗಿ ತಲೆದೂಗಿದೆವು. ದೋಸೆ ಕೊಡಲು ಹೋದರೆ ಅಂಕಲ್ ಬಾಗಿಲಲ್ಲೇ ಕೇಳುತ್ತಿದ್ದರು, "ಹೌ ವಾಸ್ ಮೈ ಡ್ರಮ್ ಟುಡೇ?"

"ಸೂಪರ್ ಲಾ, ಅಂಕಲ್!"

ಮಾಸ್ಕಿನ ಮೇಲೆ ಅವರ ಕಣ್ಣು ಅರಳುತ್ತಿತ್ತು. ಆ ಕಣ್ಣು ನೋಡಲಾಗದೆ ನಾನು ಮೆಟ್ಟಿಲಿಳಿದು ಓಡುತ್ತಿದ್ದೆ.

ಚರ್ಚು ತೆರೆಯುವ ಮೊದಲೇ ಅಂಕಲ್ ತೀರಿಕೊಂಡರು. ಕೆಲವು ತಿಂಗಳ ನಂತರ ಅವರ ಮಗಳು ದೂರದ ದೇಶದಿಂದ ಫೋನ್ ಮಾಡಿದರು. ಅಪ್ಪನ ಡೋಲಿನ ಒಂದು ರೆಕಾರ್ಡಿಂಗೂ ಅವರ ಬಳಿ ಇರಲಿಲ್ಲವಂತೆ. "ಭಾನುವಾರ ಎಲ್ಲರೂ ನನ್ನ ಡೋಲು ಕೇಳ್ತಾರೆ ಅಂತ ಅಪ್ಪ ಹೇಳುತ್ತಿದ್ದರು, ನಿಮ್ಮಲ್ಲಿದ್ದರೆ ಕಳಿಸಿ," ಎಂದು ಕೇಳಿಕೊಂಡರು.

ಪಪ್ಪನ ಬಳಿ ಎಲ್ಲ ಭಾನುವಾರಗಳ ರೆಕಾರ್ಡಿಂಗೂ ಇತ್ತು. ಹಾಕಿ ನೋಡಿದೆವು. ಅಂಕಲ್ ಕಣ್ಣು ಮುಚ್ಚಿ, ಬೆವರುತ್ತ, ಎರಡೂ ಕೈಯಲ್ಲಿ ಬಾರಿಸುತ್ತಿದ್ದಾರೆ. ಕೇಳುವುದು ನಮ್ಮ ಹಾಡು ಮಾತ್ರ. ಪಪ್ಪ ವಾಲ್ಯೂಮ್ ಏರಿಸುತ್ತಲೇ ಹೋದರು. ನಮ್ಮ ದನಿಯೇ ಜೋರಾಯಿತು.

"ಸಾರಿ, ನಾವು ರೆಕಾರ್ಡ್ ಮಾಡಿರಲಿಲ್ಲ," ಅಂತ ಅಮ್ಮ ಆಕೆಗೆ ಇಂಗ್ಲಿಷಿನಲ್ಲಿ ಹೇಳಿದಳು. ಪಪ್ಪನೂ ನಾನೂ ಪಕ್ಕದಲ್ಲೇ ಇದ್ದೆವು.

ಈಗ ಚರ್ಚು ತುಂಬಿರುತ್ತದೆ, ನಮ್ಮ ಹಾಡೂ ನೀಟಾಗಿದೆ. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ. ಭಾನುವಾರ ದೋಸೆ ತಿನ್ನುತ್ತ ನಾವು ಮೂವರೂ ಒಮ್ಮೊಮ್ಮೆ ಮಾತು ನಿಲ್ಲಿಸಿ ಸೀಲಿಂಗ್ ನೋಡುತ್ತೇವೆ. ಯಾರೋ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ, ಅಷ್ಟೇ.