ನೀರಿನ ಕೊಳವೆಯಲ್ಲಿ ಕಂಡ ಗೆರೆ

ಕಾಲ್ಯರಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯ ಕಿಟಕಿಯನ್ನು ಮೊದಲ ಬೆಳಿಗ್ಗೆ ತೆರೆದರೆ, ಎದುರಿನ ಗೋಡೆಯಿಂದ ಸತ್ತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದ ಊರಿದು. ಇಲ್ಲಿ ಹೆಣಗಳನ್ನು ಗೋಡೆಯ ಗೂಡುಗಳಲ್ಲಿ ಒಂದರ ಮೇಲೊಂದಾಗಿ ಇಟ್ಟು, ಕಲ್ಲು ಮುಚ್ಚಿ, ಕಲ್ಲಿನ ಮೇಲೆ ಪಿಂಗಾಣಿಯ ಫೋಟೋ ಕೂರಿಸುತ್ತಾರೆ. ನಗುವ ಮುದುಕರು, ಮದುವೆಯ ಉಡುಪಿನ ಹೆಂಗಸರು, ಮಕ್ಕಳು. ನಮ್ಮ ಭೀಮನಬೀಡಿನಲ್ಲಿ ನನ್ನ ತಮ್ಮ ಮಾದೇವನನ್ನು ಅರಿಶಿನದ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದೇವೆ. ಅವನದೊಂದು ಫೋಟೋ ಇಲ್ಲ, ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ಹಾಗಾಗಿ ಆ ಗೋಡೆಯ ಹುಡುಗರೆಲ್ಲ ಅವನಂತೆಯೇ ಕಂಡರು. ಕಿಟಕಿಗೆ ಒಂದು ಹಳೆ ಸೀರೆ ಕಟ್ಟಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಮೈಸೂರಿನಲ್ಲಿ ಓದು ಮುಗಿಸಿ ಇಲ್ಲಿನ ರಕ್ತರೋಗದ ಪ್ರಯೋಗಾಲಯಕ್ಕೆ ಬಂದಿದ್ದೆ. ಊರಲ್ಲಿ ಯಾರ ಮನೆಗಾದರೂ 'ಅವ್ವೋ' ಎಂದು ಕೂಗುತ್ತಾ ಅಡುಗೆಮನೆವರೆಗೂ ನುಗ್ಗುವ ಜನ ನಾವು. ಇಲ್ಲಿ ಕರೆದವರ ಮನೆಯ ಹೊಸ್ತಿಲಲ್ಲೂ ನಿಂತು 'ಪೆರ್ಮೆಸ್ಸೊ', ಅಂದರೆ ಅಪ್ಪಣೆಯೇ, ಎಂದು ಕೇಳಬೇಕು. ಅದು ನಾಲಿಗೆಗೆ ಹತ್ತಲು ಒಂದು ಚಳಿಗಾಲ ಬೇಕಾಯಿತು. ಮುಸುಕಿನ ಜೋಳದ ಹಿಟ್ಟನ್ನು ಬೇಯಿಸಿದ 'ಪೊಲೆಂತಾ' ಎಂಬುದನ್ನು ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಬೇಳೆಸಾರಿನಲ್ಲಿ ಅದ್ದಿ ನುಂಗಿದ ದಿನ ಮಾತ್ರ ಗೆದ್ದೆ ಅನ್ನಿಸಿತು. ರಾಗಿಯಲ್ಲ, ಆದರೂ ಗಂಟಲಿಗೆ ಮುದ್ದೆಯ ನೆನಪಾಯಿತು.

ನಮ್ಮ ಕೆಲಸ ಥಲಸ್ಸೇಮಿಯಾದ ಬೆನ್ನು ಹತ್ತುವುದು. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ ಅದು. ತಾಯಿಯಿಂದಲೋ ತಂದೆಯಿಂದಲೋ ಕೆಟ್ಟ ವಂಶವಾಹಿ ಒಂದೇ ಬಂದರೆ ಏನೂ ಆಗುವುದಿಲ್ಲ. ಇಬ್ಬರಿಂದಲೂ ಬಂದರೆ ಮಗು ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ಸೊರಗುತ್ತದೆ. ವಂಶವಾಹಿಯ ಬರಹದಲ್ಲಿ ಬಿದ್ದ ಆ ತಪ್ಪು ಅಕ್ಷರ ದೇಶದಿಂದ ದೇಶಕ್ಕೆ ಬೇರೆ. ಲಕ್ಷಾಂತರ ಸರಿ ವಂಶವಾಹಿ ತುಣುಕುಗಳ ನಡುವೆ ಅಡಗಿದ ಒಂದೆರಡು ತಪ್ಪು ತುಣುಕನ್ನೂ ಹಿಡಿಯಬೇಕೆಂದು, ರಕ್ತದ ಮಾದರಿಯಲ್ಲಿನ ತುಣುಕುಗಳನ್ನು ಯಂತ್ರದಲ್ಲಿ ಒಮ್ಮೆಯಲ್ಲ, ಎರಡು ಸುತ್ತು ಬೆಳೆಸುವ ಹೊಸ ವಿಧಾನವನ್ನು ನಾವು ಹದಗೊಳಿಸುತ್ತಿದ್ದೆವು. ಭಾರತದ ಕಡೆಯ ತಪ್ಪನ್ನು ಹುಡುಕುವ ಪಾಲು ನನ್ನದು.

ಪ್ರಯೋಗಾಲಯದ ಪುಸ್ತಕದಲ್ಲಿ ರೋಗಿ ಮಕ್ಕಳ ಚಿತ್ರ ನೋಡಿದ ದಿನ ಆ ಪುಟದಲ್ಲೇ ಉಳಿದುಬಿಟ್ಟೆ. ಮಾದೇವನ ಮುಖ ಮರೆತಿದ್ದೆ, ಹೊಟ್ಟೆ ಮರೆತಿರಲಿಲ್ಲ. ಅವನು ಚಾಮರಾಜನಗರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವ್ವ 'ದೃಷ್ಟಿ ತಾಕ್ತು' ಎಂದಳು, ನಾವೂ ನಂಬಿದ್ದೆವು. ನನ್ನ ರಕ್ತವನ್ನು ನಾನೇ ನೋಡಿಕೊಳ್ಳಬಹುದಿತ್ತು. ಹೆದರಿ ಸುಮ್ಮನಿದ್ದೆ.

ಪ್ರತಿ ಸಲ ಮಾದರಿಗಳ ಜೊತೆ ಬರೀ ನೀರಿನ ಒಂದು ಕೊಳವೆಯನ್ನೂ ಇಡುತ್ತಾರೆ. ಅದರಲ್ಲಿ ಏನೂ ಕಾಣಬಾರದು. ಕಂಡರೆ ಎಲ್ಲೋ ಮೈಲಿಗೆಯಾಗಿದೆ ಎಂದರ್ಥ. ಬೆಳೆದ ತುಣುಕುಗಳು ಪರೀಕ್ಷೆಯ ಚಿತ್ರದಲ್ಲಿ ಗೆರೆಯಾಗಿ ಕಾಣುತ್ತವೆ; ನನ್ನ ನೀರಿನ ಸಾಲಿನಲ್ಲೂ ಗೆರೆ ಮೂಡಿತು. ನೀರು ಬದಲಿಸಿದೆ, ಮತ್ತೆ ಮೂಡಿತು. ಕೊನೆಗೆ ನಮ್ಮ ಮೇಲಿನವರು, ಎಲ್ಲರೂ 'ದೊತ್ತೊರೆಸ್ಸಾ', ಅಂದರೆ ಡಾಕ್ಟರಮ್ಮ, ಎನ್ನುವವರು, ಪಕ್ಕದಲ್ಲೇ ನಿಂತು ನಾನು ಕೆಲಸ ಮಾಡುವುದನ್ನು ನೋಡಿದರು.

"ಈಗ ಏನು ಮಾಡಿದೆ ನೀನು?"

ನನಗೇ ಗೊತ್ತಿರಲಿಲ್ಲ. ಮುಚ್ಚಳ ಹಾಕುವ ಮೊದಲು ಕೊಳವೆಗಳ ಮೇಲೆ ಕೈ ನಿವಾಳಿಸಿ 'ಥೂ ಥೂ' ಅಂದಿದ್ದೆ. ಕೆಲಸ ಕೈಗೂಡಲಿ ಎಂದು ದೃಷ್ಟಿ ತೆಗೆದಿದ್ದೆ. ಹಳೆಯ ವಿಧಾನದಲ್ಲಿ ಆ ಉಗುಳಿನ ಹನಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವಿವರಿಸಿದಾಗ ದೊತ್ತೊರೆಸ್ಸಾ ಬಿದ್ದುಬಿದ್ದು ನಕ್ಕರು. "ನಮ್ಮಜ್ಜಿಯೂ ಹೀಗೇ ದೃಷ್ಟಿ ತೆಗೆಯುತ್ತಿದ್ದಳು!" ಆಮೇಲೆ ಗೆರೆಯ ಚಿತ್ರವನ್ನು ಎತ್ತಿ ನೋಡಿದರು. ನಗು ನಿಂತಿತು. "ಈ ತಪ್ಪು ಈ ದ್ವೀಪದವರದ್ದಲ್ಲ. ನಿಮ್ಮ ಕಡೆಯದು."

ಆ ಕೋಣೆಯಲ್ಲಿ ನಮ್ಮ ಕಡೆಯವಳು ನಾನೊಬ್ಬಳೇ. ನನಗೆ ಅಳು ಬಂದದ್ದು ನನಗಾಗಿ ಅಲ್ಲ. ಬರುವ ತಿಂಗಳು ತಂಗಿ ಮಣಿಗೂ ಅವ್ವನ ತಮ್ಮ ಶಿವಣ್ಣ ಮಾವನಿಗೂ ಲಗ್ನ. ಚಿಕ್ಕಂದಿನಿಂದ ಮಣಿ ಬೇರೆ ಗಂಡಸಿನ ಹೆಸರನ್ನೇ ಎತ್ತಿದವಳಲ್ಲ.

ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿಗೆ ಅವ್ವನನ್ನು ಕರೆಸಿ ಫೋನ್ ಮಾಡಿದೆ.

"ಅವ್ವ, ಮದ್ವೆ ಒಸಿ ನಿಲ್ಲುಸು. ಮಣೀದೂ ಮಾವುಂದೂ ರಕ್ತ ಪರೀಕ್ಸೆ ಮಾಡುಸ್ಬೇಕು."

"ಯಾಕಮ್ಮಿ? ರಕ್ತ ಒಂದೇ ಅಂತ ತಾನೆ ನನ್ ತಮ್ಮುಂಗೆ ಕೊಡ್ತಿರದು?"

ಮಾದೇವನ ವಿಷಯ ಹೇಳಿದೆ. ಅಪ್ಪ ಅವ್ವನ ಸೋದರತ್ತೆಯ ಮಗ. ಇಬ್ಬರಲ್ಲೂ ಅದು ಇದ್ದಿರಬೇಕು, ನನ್ನಲ್ಲೂ ಇದೆ ಎಂದೆ. ಆ ಕಡೆ ಬಸ್ಸಿನ ಹಾರನ್ ಕೇಳಿಸುತ್ತಿತ್ತು.

"ಅಂಗಾರೆ ನನ್ ಮಗುಂಗೆ ಅದ ನಾನೇ ಕೊಟ್ಬುಟ್ನೇನವ್ವಾ?"

ಇವತ್ತಿಗೂ ಆ ದನಿ ನನ್ನ ಬೆನ್ನು ಬಿಟ್ಟಿಲ್ಲ.

ಮಣಿ ಮತ್ತು ಮಾವ ಮೈಸೂರಿನಲ್ಲಿ ರಕ್ತ ಕೊಟ್ಟರು. ಇಬ್ಬರಲ್ಲೂ ಇತ್ತು. ಲಗ್ನ ನಿಂತಿತು. ಮಾವ ಆಮೇಲೆ ಉಮ್ಮತ್ತೂರಿನ ಹುಡುಗಿಯನ್ನು ತಂದುಕೊಂಡ.

ಮರುವರ್ಷ ರಜೆ ಹಾಕಿ ಊರಿಗೆ ಹೋದೆ. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ಜೋಳ ರಾಗಿಗೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಮಣಿ ಜಗಲಿಯಲ್ಲಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು.

"ಕೂದ್ಲೆಲ್ಲ ಉದ್ರೋಗದೆ ಕಣಕ್ಕ," ಎಂದಳು. ಬೆರಳು ನಿಲ್ಲಿಸದೆ ಕೇಳಿದಳು: "ನಿಮ್ಮೂರ್ಗೆ ಯಾವತ್ತಕ್ಕ ಓಗದು?"

ಬಂದವರನ್ನು ಹಾಗೆ ಕೇಳುವುದು ನಮ್ಮ ಮನೆಯಲ್ಲಿಲ್ಲ. ಇನ್ನೂ ಎರಡು ವಾರ ರಜೆ ಉಳಿದಿತ್ತು.

"ಸೋಮವಾರ," ಎಂದೆ.