೨೧೨ನೆಯ ಬೇವು

ಚೌಡಾಪುರದ ಬುರಾನುದ್ದೀನರು ಹುಟ್ಟಿದ್ದು ೧೯೬೦ರ ಮಾರ್ಚ್ ೧೧ರಂದು, ಅವರ ಅಜ್ಜ ತೀರಿಹೋದ ನಲವತ್ತನೆಯ ದಿನ. ತೀರಿದ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು ಆ ಸೀಮೆಯ ರೂಢಿ. ಅಜ್ಜನ ಹೆಸರೇ ಮೊಮ್ಮಗನಿಗೆ ಬಂತು. ನಾಲ್ಕನೆಯ ಇಯತ್ತೆ ಓದಿ, ನಲವತ್ತು ವರ್ಷ ಪರರ ತೊಗರಿ ಹೊಲಗಳಲ್ಲಿ ದುಡಿದು, ಇನ್ನು ಕೂತು ಉಣ್ಣಬೇಕು ಎನ್ನುವ ವಯಸ್ಸಿನಲ್ಲಿ ಅವರಿಗೆ ಗಿಡ ಕಾಯುವ ಕೆಲಸ ಸಿಕ್ಕಿತು.

೨೦೨೧ರ ಜುಲೈ ೫, ಸೋಮವಾರ, ಸಂಸ್ಥೆಯೊಂದು ಊರಿನ ಬದುಗಳ ಮೇಲೆ ಆರುನೂರು ಬೇವು, ಹುಣಸೆಯ ಸಸಿಗಳನ್ನು ನೆಡಿಸಿತು. ಎಲ್ಲಿಯೋ ಕಾರ್ಖಾನೆಗಳು ಉಗುಳುವ ಹೊಗೆಯನ್ನು ಈ ಮರಗಳು ಹೀರಬೇಕೆಂದು ದೂರದ ಕಂಪನಿಗಳು ಹಣ ಹೂಡಿದ್ದವು. ಪ್ರತಿ ಸಸಿಗೂ ನಂಬರಿನ ತಗಡಿನ ಬಿಲ್ಲೆ. ಅಂದು ನೆಟ್ಟವುಗಳಲ್ಲಿ ನಾನೂರ ಇಪ್ಪತ್ತಾದರೂ ಉಳಿದಿದ್ದರೆ ಮಾತ್ರ ಮೂರನೆಯ ಬೇಸಿಗೆಗೆ ನೀರಿನ ಟ್ಯಾಂಕರ್ ಬರುವುದೆಂದು ಕರಾರು.

ಸಸಿ ಒಣಗಿದಲ್ಲಿ ಬುರಾನುದ್ದೀನರು ಸುಮ್ಮನಿರಲಿಲ್ಲ. ತಾವೇ ಬೀಜ ಊರಿ ಬೆಳೆಸಿದ ಸಸಿಯನ್ನು ಅದೇ ಗುಂಡಿಯಲ್ಲಿಟ್ಟು, ಸತ್ತದ್ದರ ಬಿಲ್ಲೆಯನ್ನು ಅದಕ್ಕೆ ಕಟ್ಟಿದರು. ದಿನಾಂಕವನ್ನು ಡೈರಿಯಲ್ಲಿ ಬರೆದಿಟ್ಟರು.

೨೦೨೪ರ ಫೆಬ್ರವರಿ ೨೦, ಮಂಗಳವಾರ, ಸಂಸ್ಥೆಯಿಂದ ಜಯಮಾಲಾ ಎಂಬ ಅಧಿಕಾರಿ ತಪಾಸಣೆಗೆ ಬಂದರು. ಚೀಟಿಯೆತ್ತಿ ಆರಿಸಿದ ಹನ್ನೆರಡು ನಂಬರುಗಳನ್ನಷ್ಟೇ ಅಳೆಯುವುದು ನಿಯಮ. ಹನ್ನೊಂದು ಸರಿಹೋದವು. ಹನ್ನೆರಡನೆಯದು ೨೧೨ನೆಯ ಬೇವು.

"ಚಾಚಾ, ಇದು ಮೂರು ವರ್ಷದ್ದೇನ್ರಿ? ನನ್ನ ಬೆರಳಿನಷ್ಟೂ ದಪ್ಪ ಇಲ್ಲಲ್ಲ!"

"ಮೊದಲಿಂದು ಸತ್ತದರಿ ಬಾಯಾರ. ಇದು ಹೋದ ವರ್ಷದ್ದು. ನಂಬರ್ ಖಾಲಿ ಬೀಳಬಾರದಂತ ಇದಕ್ಕ ಕಟ್ಟೇನಿ. ನಮ್ಮ ಅಜ್ಜನ ಹೆಸರು ನನಗ ಇಟ್ಟಂಗ."

"ಹೆಸರು ಇಟ್ಟಾರ, ಖರೆ. ಅಜ್ಜನ ವಯಸ್ಸೂ ನಿಮಗ ಹಚ್ಚ್ಯಾರೇನು?" ಜಯಮಾಲಾ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ಇದೊಂದೇ ಏನ್ರಿ, ಇಂಥವು ಇನ್ನೂ ಅದಾವೇನು?"

ಒಂದೇ ಎಂದುಬಿಟ್ಟರೆ ಟ್ಯಾಂಕರ್ ಬರುತ್ತಿತ್ತು. ಬುರಾನುದ್ದೀನರು ಬದುವಿನ ಮೇಲೆ ಕುಳಿತರು. ಸತ್ತ ಗಿಡ ಹೊಗೆ ಹೀರಿತೆಂದು ಬರೆಸುವುದು ಹೇಗೆ? ಜೇಬಿನಿಂದ ಡೈರಿ ತೆಗೆದು ಕೊಟ್ಟರು. ಅದರ ಪ್ರಕಾರ ಮರಳಿ ನೆಟ್ಟವು ನೂರ ತೊಂಬತ್ತು. ಇಪ್ಪತ್ತೆರಡು ಗುಂಡಿಗಳಿಗೆ ಸಸಿ ಸಾಲದೆ ಖಾಲಿ ಉಳಿದಿದ್ದವು. ಮೊದಲಿನವುಗಳಲ್ಲಿ ಉಳಿದದ್ದು ಮುನ್ನೂರ ಎಂಬತ್ತೆಂಟು.

"ಇದನ್ನ ಯಾಕ ಕೊಟ್ರಿ, ಚಾಚಾ," ಎಂದರು ಜಯಮಾಲಾ ಮೆಲ್ಲಗೆ. ಆದರೂ ಇದ್ದದ್ದನ್ನು ಇದ್ದಂತೆ ಬರೆದುಕೊಂಡರು.

ಮಾರ್ಚ್ ಒಂದರಿಂದ ಟ್ಯಾಂಕರ್ ನಿಂತಿತು. ಮರುದಿನ ಬೆಳಿಗ್ಗೆ ಬುರಾನುದ್ದೀನರು ಸೈಕಲ್ಲಿಗೆ ಎರಡು ಕೊಡ ಕಟ್ಟುವುದನ್ನು ಕಂಡು ಹೆಂಡತಿ ಖಾಸೀಂಬಿ ಹಣೆ ಬಡಿದುಕೊಂಡಳು.

"ಖರೆ ಹೇಳಿ ಬಂದ್ರಿ. ಈಗ ಆ ಡೈರಿಗೇ ನೀರು ಹೊರಾಕ ಹೇಳ್ರಿ!"

"ದೊಡ್ಡವು ಹೆಂಗರ ಬದುಕ್ತಾವ ಬೇ. ಸಣ್ಣವಕ್ಕಷ್ಟೇ ಬೇಕು."

"ಅಷ್ಟೇ ಅಂದ್ರ ನೂರಾ ತೊಂಬತ್ತು!" ಎನ್ನುತ್ತಲೇ ಮೂರನೆಯ ಕೊಡವನ್ನು ಆಕೆ ತನ್ನ ಸೊಂಟಕ್ಕೇರಿಸಿದಳು.

ಸಂಜೆಯವರೆಗೆ ಇಪ್ಪತ್ತಮೂರು ಸಸಿಗಳಿಗೆ ನೀರಾಯಿತು. ಬುರಾನುದ್ದೀನರು ೨೧೨ರ ಬಿಲ್ಲೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಡೈರಿ ತೆರೆದು ಕುಳಿತರು. ಬೆರಳು ಮಡಚಲಾಗಲಿಲ್ಲ. ದಿನಾಂಕವನ್ನಷ್ಟೇ ಬರೆದು ಮುಚ್ಚಿಟ್ಟರು: ೨-೩-೨೦೨೪, ಶನಿವಾರ.